ಅಡ್ವಾನ್ಸಿನಲ್ಲಿ ಮುರಿಯದ್ದು

ಮಹಡಿ ಮನೆ ಖಾಲಿಯಾದ ದಿನ
ಲೆಕ್ಕ ನಾನೇ ಬರೆದೆ, ಕ್ಯಾಲೆಂಡರಿನ ಹಿಂಬದಿಯಲ್ಲಿ:
ಸುಣ್ಣಬಣ್ಣಕ್ಕೆ ಎಂಟು ಸಾವಿರ,
ಮುರಿದ ನಲ್ಲಿ, ಕರೆಂಟು ಬಾಕಿ,
ಬಾಗಿಲ ಬುಡದಲ್ಲಿ ಹಲ್ಲಿನ ಗುರುತು, ಇನ್ನೂರು.
ಎಲ್ಲಾ ಅಡ್ವಾನ್ಸಿನಲ್ಲಿ ಮುರಿದುಕೊಂಡೆ.
ಆ ಹಲ್ಲಿನವನನ್ನು ಮಾತ್ರ ಮೆಟ್ಟಿಲ ಕಂಬಿಗೆ ಕಟ್ಟಿ
"ಬೀದರಿನಲ್ಲಿ ಮನೆ ಸಿಗಲಿ ಆಂಟಿ, ಒಂದೇ ವಾರ" ಅಂದು
ಲಾರಿಯ ಹಿಂದೆ ಕಾರು ಬಿಟ್ಟುಕೊಂಡು ಹೋದರು.

ಇವತ್ತಿಗೆ ಇಪ್ಪತ್ತೆರಡು ದಿನ.
ಫೋನು ಮಾಡಿದರೆ ಆ ಹೆಂಗಸು ಹೇಳುತ್ತಾಳೆ,
ನೀವು ಕರೆ ಮಾಡಿದ ಚಂದಾದಾರರು
ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ.

ಮಫಿನ್ ಅಂತೆ ಹೆಸರು.
ನಮ್ಮ ಗುತ್ತಲಿನ ನಾಲಿಗೆಗೆ ಮಾಪಣ್ಣ.

ಅವರು ಬಿಟ್ಟ ಅರ್ಧ ಚೀಲ ಮುಗಿದ ಮೇಲೆ
ಮುದ್ದೆ ಮುರಿದು ಹಾಲಿಗೆ ಹಾಕಿಟ್ಟೆ.
ಮೂಸಿ, ನನ್ನ ಮುಖ ನೋಡಿದ.
ಬಸ್ಸಾರು ಕಲಸಿದ ಅನ್ನ ಇರುವೆಗಳ ಪಾಲಾಯ್ತು.
ಭಾನುವಾರದ ಮೂಳೆಯನ್ನು ಕರಿಬೇವಿನ ಬುಡಕ್ಕೆ ಕೊಂಡೊಯ್ದು
ಹೂತು ಬಂದ, ಮುತುವರ್ಜಿಯಿಂದ.

ಖಾಲಿ ಚೀಲದ ಮೂತಿ ಕತ್ತರಿಸಿ
ಬಿಪಿ ಮಾತ್ರೆಯ ಚೀಟಿ ಜೊತೆ ಪರ್ಸಿನಲ್ಲಿಟ್ಟು
ನೂರಡಿ ರಸ್ತೆಯ ಸೂಪರ್ ಮಾರ್ಕೆಟ್ಟಿಗೆ ಹೋದೆ.
ಅಲ್ಲಿ ಏಸಿ. ಬೇಳೆಗೂ ಪ್ಲಾಸ್ಟಿಕ್ಕಿನ ಅಂಗಿ.
ಈಚೆ ಮಕ್ಕಳ ಡೈಪರು, ಆಚೆ ಫಿನಾಯಿಲು,
ನಡುವೆ ನಾಯಿಗಳ ಸಾಲು,
ಒಂದೊಂದು ಪ್ಯಾಕೆಟ್ಟಿನ ಮೇಲೂ
ಎಣ್ಣೆ ಹಚ್ಚಿ ಬಾಚಿದಂಥ ಮುಖ.
ಎಲ್ಲವೂ ನಗುತ್ತಿದ್ದವು.
ನಾನು ಕಂಡ ಯಾವ ನಾಯಿಯೂ ಹಾಗೆ ನಕ್ಕಿಲ್ಲ.

"ವಯಸ್ಸೆಷ್ಟಮ್ಮ?" ಅಂದ ಕೆರಗೋಡಿನ ಹುಡುಗ,
ಬೆನ್ನ ಮೇಲೆ ರಿಯಾಯಿತಿ ಬರೆಸಿಕೊಂಡವನು.
"ಐವತ್ತೆಂಟು."
"ನಾಯೀದಮ್ಮಾ."
ಯಾರಿಗ್ಗೊತ್ತಪ್ಪ, ಕರಾರು ಪತ್ರದಲ್ಲಿ ಬರೆದಿರಲಿಲ್ಲ.

ಮೂರು ಕೇಜಿಗೆ ಒಂಬೈನೂರ ನಲವತ್ತು.
ನಿಂತಲ್ಲೇ ಭಾಗಿಸಿದೆ,
ಕೇಜಿಗೆ ಮುನ್ನೂರ ಹದಿಮೂರು, ಚಿಲ್ಲರೆ.
ಅಕ್ಕಿಯ ಐದರಷ್ಟು. ನಾಟಿಕೋಳಿಗೆ ಒಸಿ ಕಮ್ಮಿ.
"ಬಿಡಿಯಾಗಿ ಒಂದು ಪಾವು ಕೊಡಲ್ವಾ?"
ಹುಡುಗ ಹಲ್ಲು ಬಿಟ್ಟ.
"ಪಾವು ಅಂದ್ರೆ?"

ಬಿಲ್ಲಿನ ಸಾಲಲ್ಲಿ ಹಾಲಿನ ಡೈರಿ ಸಾಕಮ್ಮ
ನನ್ನ ಬುಟ್ಟಿಗೆ ಇಣುಕಿ,
"ಏನಕ್ಕಾ, ನಾಯಿ ಸಾಕಿದ್ದೀರಾ?"
"ಇಲ್ಲ ಕಣವ್ವ, ಬಾಡಿಗೆಯವರದು."
ಆಟೋದವನಿಗೂ ಅದನ್ನೇ ಹೇಳಿದೆ.
ಅವನು ಕೇಳಿರಲಿಲ್ಲ.

ಗೇಟಿನ ಮೇಲೆ ನಮ್ಮೆಜಮಾನರ ಕೈಬರಹ:
ಮನೆ ಬಾಡಿಗೆಗಿದೆ. ನಾಯಿ ಸಾಕುವವರಿಗೆ ಇಲ್ಲ.
ಬೋರ್ಡು ಓದಿ ಒಳಗೆ ಕಾಲಿಟ್ಟವರನ್ನೆಲ್ಲ
ಅದರ ಕೆಳಗೇ ಮಲಗಿದ್ದು ಎದ್ದು
ಬೊಗಳಿ ಕಳಿಸುತ್ತಿದ್ದಾನೆ ಮಾಪಣ್ಣ.

ಚೀಲದ ಹೊಲಿಗೆ ಬಿಚ್ಚಿ ತಟ್ಟೆಗೆ ಸುರಿದೆ,
ಹುಣಸೆಬೀಜದಂಥ ಕಾಳು, ಟಿಣ್ ಟಿಣ್ ಅಂತ.
ನಲವತ್ತು ವರ್ಷ ಸಾರಿನ ರುಚಿ ನೋಡಿದ ಕೈ,
ಅದಕ್ಕೇನು ಗೊತ್ತು,
ಒಂದನ್ನು ತೆಗೆದು ನನ್ನ ಬಾಯಿಗೇ ಹಾಕಿತು.
ಒಣಮೀನಿನ ವಾಸನೆ. ಮೆತ್ತಗಾಗದ ಹಳೇ ಬಿಸ್ಕತ್ತು.
ಉಪ್ಪಿಲ್ಲ.
ಮತ್ತೆ ಅಗಿದೆ. ಚೂರೂ ಇಲ್ಲ.

ಉಪ್ಪು ತಿಂದ ಮನೆ ಅಂತಾರೆ.
ಹುಟ್ಟಿದಾಗಿನಿಂದ ಇದನ್ನೇ ತಿಂದವನು
ಅವರ ಮನೆಯಲ್ಲಿ ಯಾವ ಉಪ್ಪು ಕಂಡನೋ,
ದಿನಾ ಏಳು ಗಂಟೆಗೆ, ಅವರ ಕಾರು ಬರುತ್ತಿದ್ದ ಹೊತ್ತಿಗೆ,
ಗೇಟಿನ ಸಂದಿಗೆ ಮೂಗಿಟ್ಟು ಕೂರುತ್ತಾನೆ.

ತಟ್ಟೆ ನೆಕ್ಕಿ ಸದ್ದು ಮಾಡಿದ. ನೀರು ಕುಡಿದ.
ನನ್ನ ಸೀರೆಯ ಅಂಚಿಗೆ ಬಾಯಿ ಒರೆಸಿ
ಅಂಗಳಕ್ಕಿಳಿದ. ಏಳಕ್ಕೆ ಇನ್ನೂ ಐದು ನಿಮಿಷವಿತ್ತು.
ನನ್ನ ಹಲ್ಲಿನ ಸಂದಿಯಲ್ಲಿ ಒಂದು ಚೂರು
ಇನ್ನೂ ಕರಗಿರಲಿಲ್ಲ.